ಮುತ್ತಾತ ದಂಡಿನಲ್ಲಿದ್ದರು: ಒಂದು ಪದದ ಪ್ರಕರಣ

2016ರ ಬೇಸಿಗೆಯಲ್ಲಿ ಚಾಮರಾಜಪೇಟೆಯ ಒಂದು ಮನೆಯಿಂದ ನನಗೆ ಕರಡು ತಿದ್ದುವ ಕೆಲಸ ಬಂತು. ಮನೆಯ ಅಜ್ಜಿಗೆ 83 ತುಂಬಿತ್ತು. ಸಹಸ್ರಚಂದ್ರ ದರ್ಶನದ ಶಾಂತಿ ಇಟ್ಟುಕೊಂಡಿದ್ದರು. ಸಾವಿರ ಹುಣ್ಣಿಮೆ ನೋಡೋಕೆ 80 ವರ್ಷ 10 ತಿಂಗಳು ಸಾಕು. ಆದರೆ ಮೊದಲು ಮಗಳ ಮನೆ ಗೃಹಪ್ರವೇಶ, ಆಮೇಲೆ ಯಾರದೋ ಸೂತಕ, ಹೀಗೆ ಮುಂದೆ ಹೋಗಿ ಹೋಗಿ ಇಲ್ಲಿಗೆ ಬಂದಿತ್ತು. ಆ ದಿನ ನೆಂಟರಿಗೆ ಹಂಚಲು ಅಜ್ಜಿಯ ನೆನಪುಗಳ ಒಂದು ಪುಟ್ಟ ಪುಸ್ತಕ ಮಾಡುವುದು ಅಂತ ತೀರ್ಮಾನವಾಗಿತ್ತು.

ಮೊಮ್ಮಗ ಫೋನಿನಲ್ಲಿ 40 ನಿಮಿಷ ಅಜ್ಜಿಯ ಮಾತು ಹಿಡಿದಿಟ್ಟಿದ್ದ. ಅದನ್ನೇ ಕನ್ನಡದಲ್ಲಿ ಟೈಪ್ ಮಾಡಿದ್ದ. ಅಮೆರಿಕದಲ್ಲಿರುವ ಮೊಮ್ಮಕ್ಕಳಿಗಾಗಿ ಪಕ್ಕದ ಪುಟದಲ್ಲಿ ಇಂಗ್ಲಿಷಿಗೂ ತಂದಿದ್ದ. ನನ್ನ ಕೆಲಸ ಎರಡನ್ನೂ ಒಮ್ಮೆ ಓದಿ ಕೊಡುವುದು. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಒಂದೇ ಒಂದು ಪದಕ್ಕೆ ಎರಡು ವಾರ ಹಿಡಿಯಿತು.

ಸಿಕ್ಕಿಕೊಂಡ ಸಾಲುಗಳು

ಅಜ್ಜಿ ಹೇಳಿದ್ದು ಇಷ್ಟು: "ನಮ್ಮಪ್ಪ ದಂಡಲ್ಲಿ ಕೆಲಸಕ್ಕಿದ್ರು." ಮೊಮ್ಮಗ ಇಂಗ್ಲಿಷಿನಲ್ಲಿ ಬರೆದದ್ದು: ನನ್ನ ತಂದೆ ಆರ್ಮಿಯಲ್ಲಿದ್ದರು.

ತಪ್ಪು ಅನ್ನೋಕೆ ಆಗುವುದಿಲ್ಲ. ದಂಡು ಅಂದರೆ ಸೇನೆಯೇ. ಯಾವ ನಿಘಂಟು ತೆಗೆದರೂ ಮೊದಲು ಸಿಗುವ ಅರ್ಥ ಅದೇ. ನಾನೂ ಸುಮ್ನೆ ಮುಂದಕ್ಕೆ ಹೋದೆ. ನಾಲ್ಕು ಪುಟ ಆದ ಮೇಲೆ ಇನ್ನೊಂದು ಸಾಲು ಬಂತು. "ಯುದ್ಧದ ಟೈಮಲ್ಲಿ ಪಟಾಲಮ್ಮು ಬಂದು ದಂಡೆಲ್ಲಾ ತುಂಬೋಯ್ತು." ಇದಕ್ಕೆ ಮೊಮ್ಮಗನ ಇಂಗ್ಲಿಷ್ ಓದಿ ನಗು ತಡೆಯೋಕೆ ಆಗಲಿಲ್ಲ. ಯುದ್ಧದ ಕಾಲದಲ್ಲಿ ಒಂದು ಗ್ಯಾಂಗ್ ಬಂದು ಆರ್ಮಿಯ ತುಂಬಾ ಸೇರಿಕೊಂಡಿತು ಅಂತ ಇತ್ತು.

ಅವನನ್ನು ದೂರುವ ಹಾಗಿಲ್ಲ. ಈಗಿನ ಬೆಂಗಳೂರಿನ ಹುಡುಗನಿಗೆ ಪಟಾಲಂ ಅಂದರೆ ಗ್ಯಾಂಗೇ. "ಅವನೂ ಅವನ ಪಟಾಲಮ್ಮೂ ಬಂದು ಇದ್ದ ತಿಂಡಿಯೆಲ್ಲ ಖಾಲಿ ಮಾಡಿದ್ರು" ಅಂತೀವಲ್ಲ, ಆ ಪಟಾಲಂ. ಆದರೆ ಆ ಪದದ ಹುಟ್ಟು ಬೆಟಾಲಿಯನ್. ಕುಂಪಣಿ ಸೈನ್ಯದ ಬೆಟಾಲಿಯನ್ ತಮಿಳರ ಬಾಯಲ್ಲಿ ಪಟ್ಟಾಳಂ ಆಯಿತು, ನಮ್ಮಲ್ಲಿ ಪಟಾಲಂ ಆಯಿತು. ಅಜ್ಜಿಯ ಪಟಾಲಂ ಇನ್ನೂ ಬಂದೂಕು ಹಿಡಿದುಕೊಂಡೇ ಇದೆ. ಮೊಮ್ಮಗನ ಪಟಾಲಂ ಬಂದೂಕು ಕೆಳಗಿಟ್ಟು ಪಾನಿಪೂರಿ ತಿನ್ನಲು ಹೋಗಿದೆ.

ಹಾಗಾದರೆ ಆ ಸಾಲಿನಲ್ಲಿ ಸೇನೆ ಎಂಬ ಅರ್ಥವನ್ನು ಪಟಾಲಂ ಹೊತ್ತಿದೆ. ದಂಡು ಎಂಬುದು ಸೇನೆ ಬಂದು ತುಂಬಿಕೊಂಡ ಜಾಗ. ಇಲ್ಲಿಗೆ ನನಗೆ ಮೊದಲ ಸಾಲಿನ ಮೇಲೂ ಅನುಮಾನ ಶುರುವಾಯಿತು. ಅಜ್ಜಿಯ ಅಪ್ಪ ಕೆಲಸಕ್ಕಿದ್ದದ್ದು ಯಾವ ದಂಡಿನಲ್ಲಿ?

ಇದರ ಜೊತೆಗೆ ಮೂರನೆಯದೂ ಒಂದಿತ್ತು. ಬಸವನಗುಡಿಯ ಕಡಲೆಕಾಯಿ ಪರಿಷೆಯ ಬಗ್ಗೆ ಹೇಳುತ್ತಾ ಅಜ್ಜಿ, "ಕಾರ್ತೀಕದ ಕೊನೇ ಸೋಮವಾರ ಜನ ದಂಡು ದಂಡಾಗಿ ಬರೋರು" ಅಂದಿದ್ದರು. ಇದನ್ನು ಹುಡುಗ ಸರಿಯಾಗಿಯೇ ಹಿಡಿದಿದ್ದ. ಇಂಗ್ಲಿಷಿನಲ್ಲಿ ಹೋರ್ಡ್ ಎಂಬ ಪದ ಹಾಕಿದ್ದ. ಅದು ಎಷ್ಟು ಸರಿ ಅಂತ ಅವನಿಗೇ ಗೊತ್ತಿರಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕೋಲಿನಿಂದ ಊರಿಗೆ

ದಂಡು ಬಂದದ್ದು ಸಂಸ್ಕೃತದ ದಂಡದಿಂದ. ದಂಡ ಅಂದರೆ ಕೋಲು, ದೊಣ್ಣೆ. ಕೋಲು ರಾಜನ ಕೈ ಸೇರಿದರೆ ಅಧಿಕಾರ. ಅದೇ ಕೋಲು ಬೆನ್ನ ಮೇಲೆ ಬಿದ್ದರೆ ಶಿಕ್ಷೆ. ಶಿಕ್ಷೆ ಕೊಡುವ ಬಲ ಯಾರ ಹತ್ತಿರ ಇದೆ? ಸೇನೆಯ ಹತ್ತಿರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜ್ಯಕ್ಕೆ ಏಳು ಅಂಗ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಅಲ್ಲಿ ದಂಡ ಅಂದರೆ ಸೈನ್ಯವೇ. ಅದೇ ಗ್ರಂಥದಲ್ಲಿ ಸೈನ್ಯವನ್ನು ಕೋಲಿನ ಹಾಗೆ ನೇರವಾಗಿ ನಿಲ್ಲಿಸುವ ವ್ಯೂಹಕ್ಕೂ ದಂಡ ಎಂದೇ ಹೆಸರು.

ಕನ್ನಡಕ್ಕೆ ಬಂದ ಮೇಲೆ ಈ ಒಂದು ಕೋಲು ಮೂರು ನಾಲ್ಕು ಮನೆ ಮಾಡಿಕೊಂಡಿತು. ದಂಡ ಅಂತ ಉಳಿದದ್ದು ಪೊಲೀಸರಿಗೆ ಕಟ್ಟುವ ದುಡ್ಡಾಯಿತು. ದಾಂಡು ಆದದ್ದು ಚಿನ್ನಿದಾಂಡಿನ ಕೋಲಾಗಿ ಮಕ್ಕಳ ಕೈಗೆ ಸಿಕ್ಕಿತು. ಅಲ್ಲಿಂದ ಕ್ರಿಕೆಟ್ಟಿಗೆ ದಾಂಡಿಗನೂ ಬಂದ. ದಂಡು ಸೈನ್ಯವಾಯಿತು. ವಿಷ್ಣುವರ್ಧನನ ಗಂಗರಾಜ ದಂಡನಾಯಕ. ಆ ದಂಡನಾಯಕ ಜನರ ಬಾಯಲ್ಲಿ ದಣ್ಣಾಯಕ ಆದ. ದಂಡೆತ್ತಿ ಹೋದರು, ದಂಡಯಾತ್ರೆ ಮಾಡಿದರು ಅಂತ ಶಾಲೆಯ ಇತಿಹಾಸದ ಪಾಠದಲ್ಲಿ ಎಲ್ಲರೂ ಬರೆದಿದ್ದೇವೆ.

ಸೈನ್ಯ ದಿನಾ ನಡೆಯುತ್ತಲೇ ಇರುವುದಿಲ್ಲ. ಎಲ್ಲೋ ಒಂದು ಕಡೆ ಡೇರೆ ಹಾಕಬೇಕು, ಕುದುರೆಗೆ ನೀರು ಹುಡುಕಬೇಕು. ಆ ಜಾಗಕ್ಕೂ ಸೈನ್ಯದ ಹೆಸರೇ ಅಂಟಿಕೊಳ್ಳುತ್ತದೆ. ಇದು ದಂಡಿಗೆ ಮಾತ್ರ ಆದದ್ದಲ್ಲ. ಬೀಡು ನೋಡಿ. ಸೈನ್ಯ ಬೀಡುಬಿಟ್ಟ ಜಾಗ ಶಾಸನಗಳಲ್ಲಿ ನೆಲೆವೀಡು ಆಗಿ ರಾಜಧಾನಿಯೇ ಆಯಿತು. ಪಾಳೆಯ ಅಂದರೂ ಸೈನ್ಯ ಇಳಿದ ಜಾಗ. ಪಾಳೆಯಗಾರ ಬಂದದ್ದು ಅಲ್ಲಿಂದ.

ಬೆಂಗಳೂರಿನ ದಂಡಿಗೆ ಗೊತ್ತಾದ ಒಂದು ವರ್ಷ ಇದೆ: 1809. ಟಿಪ್ಪು ಬಿದ್ದ ಮೇಲೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿ ಕಾಯಿಲೆಯ ಕಾಟ. ಹವೆ ಚೆನ್ನಾಗಿದೆ ಅಂತ ಹಲಸೂರಿನ ಕಡೆಗೆ ಬಂದು ನೆಲೆಸಿದರು. ಪೇಟೆಯ ಜನ ನೋಡಿದ್ದು ಕಣ್ಣ ಮುಂದೆ ಬಂದಿಳಿದ ದಂಡನ್ನು. ಆದ್ದರಿಂದ ಆ ಕಡೆಯೆಲ್ಲ ದಂಡು. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದದ್ದೂ ದಂಡಿಗೇ. 1881ರಲ್ಲಿ ರಾಜ್ಯ ಮೈಸೂರು ಒಡೆಯರಿಗೆ ಮರಳಿತು, ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ನಡುವೆ ಕಬ್ಬನ್ ಪಾರ್ಕು. ಈ ಕಡೆ ಪೇಟೆ, ಆ ಕಡೆ ದಂಡು. ಎರಡೂ ಒಂದೇ ನಗರಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ. ಅಷ್ಟು ಹೊತ್ತಿಗೆ ಅಜ್ಜಿಗೆ 16 ವರ್ಷ.

ಕಂಟೋನ್ಮೆಂಟ್ ಸ್ಟೇಷನ್ನಿನ ಹಲಗೆ ನೋಡಿದ್ದೀರಾ? ಕನ್ನಡದಲ್ಲಿ ಬೆಂಗಳೂರು ದಂಡು ಅಂತ ಇದೆ. ಹಿಂದಿಯಲ್ಲಿ ಛಾವನಿ. ಕನ್ನಡದವರು ಅದನ್ನು ಓದಿದರೆ ಮನೆಯ ಚಾವಣಿ ನೆನಪಾಗುತ್ತದೆ. ನೆನಪಾಗುವುದು ಸರಿಯೇ. ಸೂರು ಹೊದಿಸುವ ಕೆಲಸದಿಂದಲೇ ಹಿಂದಿಯವರ ಛಾವನಿ ಬಂತು. ಅವರು ಸೂರಿನಿಂದ ಹೊರಟು ಸೈನ್ಯದ ಜಾಗಕ್ಕೆ ಬಂದರು, ನಾವು ಕೋಲಿನಿಂದ ಹೊರಟು ಅಲ್ಲಿಗೇ ಬಂದೆವು. ಒಂದೇ ಹಲಗೆಯ ಮೇಲೆ ಎರಡೂ ಅಕ್ಕಪಕ್ಕ ಕೂತಿವೆ.

ಪದ ಬದಲಿಸಿ ನೋಡುವುದು

ಇಂಥ ಕಡೆ ನಾನು ಮಾಡುವ ಒಂದು ಪರೀಕ್ಷೆ ಇದೆ. ಅನುಮಾನ ಬಂದ ಪದ ತೆಗೆದು ಬೇರೆ ಪದ ಇಟ್ಟು ಗಟ್ಟಿಯಾಗಿ ಓದುವುದು. ದಂಡಿನ ಜಾಗದಲ್ಲಿ ಹಿಂಡು ಇಟ್ಟಾಗ ಸರಿ ಕೇಳಿಸಿದರೆ ಅದು ಜನರ ಗುಂಪು. "ಜನ ಹಿಂಡು ಹಿಂಡಾಗಿ ಬರೋರು." ಸರಿ. ಪೇಟೆ ಇಟ್ಟಾಗ ನಿಂತರೆ ಜಾಗ. "ಪಟಾಲಮ್ಮು ಬಂದು ಪೇಟೆಯೆಲ್ಲಾ ತುಂಬೋಯ್ತು." ಇದೂ ಸರಿ. ಸೈನ್ಯ ಇಟ್ಟಾಗ ನಿಂತರೆ ಸೈನ್ಯ.

ಆದರೆ ಮೊದಲ ಸಾಲು ಎರಡು ಕಡೆಯೂ ಪಾಸಾಯಿತು! ನಮ್ಮಪ್ಪ ಪೇಟೇಲಿ ಕೆಲಸಕ್ಕಿದ್ರು, ಸರಿ. ನಮ್ಮಪ್ಪ ಸೈನ್ಯದಲ್ಲಿ ಕೆಲಸಕ್ಕಿದ್ರು, ಅದೂ ಸರಿ. ಪರೀಕ್ಷೆ ಕೈಕೊಟ್ಟಿತು.

ಹಾಗಾಗಿ ಟೈಪ್ ಮಾಡಿದ್ದನ್ನು ಪಕ್ಕಕ್ಕಿಟ್ಟು ಧ್ವನಿಯನ್ನೇ ಕೇಳಿಸಿಕೊಂಡೆ. 40 ನಿಮಿಷ, ಮೂರು ಸಲ. ಆಗ ತಿಳಿದದ್ದು, ಮೊಮ್ಮಗ ಒಂದು ಸಾಲನ್ನು ಬಿಟ್ಟುಬಿಟ್ಟಿದ್ದ. ಕುಕ್ಕರ್ ಕೂಗಿದ್ದರಿಂದ ಅವನಿಗೆ ಕೇಳಿಸಿರಲಿಲ್ಲ. "ನಮ್ಮಪ್ಪ ದಂಡಲ್ಲಿ ಕೆಲಸಕ್ಕಿದ್ರು" ಆದ ಮೇಲೆ ಒಂದು ಕೂಗು, ಆ ಕೂಗಿನ ಬಾಲದಲ್ಲಿ ಅಜ್ಜಿಯ ಧ್ವನಿ: "...ದೀಪ ಹಚ್ಚೋ ಹೊತ್ತಿಗೆ ಮನೇಗೆ ಬರೋರು."

ಸಿಪಾಯಿ ದಿನಾ ಸಂಜೆ ದೀಪ ಹಚ್ಚೋ ಹೊತ್ತಿಗೆ ಮನೆಗೆ ಬರುವುದಿಲ್ಲ, ಅಲ್ವಾ?

ಇನ್ನೊಂದು ವಿಷಯವೂ ಕಿವಿಗೆ ಬಿತ್ತು. ಇಡೀ ಮಾತಿನಲ್ಲಿ ಸೈನ್ಯ ಅನ್ನಬೇಕಾದ ಕಡೆಯೆಲ್ಲ ಅಜ್ಜಿ ಬಳಸಿದ್ದು ಪಟಾಲಂ ಅಂತಲೇ. ದಂಡನ್ನು ಸೈನ್ಯ ಎಂಬ ಅರ್ಥದಲ್ಲಿ ಬಳಸಿದ್ದು ಒಂದೇ ಕಡೆ, ಅದೂ ಗಾದೆಯಲ್ಲಿ: "ದಂಡಿಗೆ ಹೆದರಲಿಲ್ಲ, ದಾಳಿಗೆ ಹೆದರಲಿಲ್ಲ, ದಾಸಯ್ಯನ ಜಾಗಟೆಗೆ ಹೆದರ್ತೀನಾ?" ಅವರ ಬಾಯಲ್ಲಿ ಸೇನೆಯ ದಂಡು ಗಾದೆಯೊಳಗೆ ಮಾತ್ರ ಬದುಕಿತ್ತು. ಹಳೆಯ ಅರ್ಥಗಳು ಹೀಗೆ ಗಾದೆಯಲ್ಲೋ ದೇವರ ಹೆಸರಲ್ಲೋ ಉಳಿದುಕೊಳ್ಳುತ್ತವೆ. ಮಧುಗಿರಿಯಲ್ಲಿ ದಂಡಿನ ಮಾರಮ್ಮ ಇದ್ದಾಳೆ. ಕೊಯಮತ್ತೂರಿನಲ್ಲೂ ತಂಡು ಮಾರಿಯಮ್ಮ ಇದ್ದಾಳೆ, ತಮಿಳಿನವರಿಗೂ ತಂಡು ಅಂದರೆ ಸೇನೆ.

ಕೋಟಿನ ತೋಳು

ಇಷ್ಟು ಹಿಡಿದುಕೊಂಡು ಮನೆಗೆ ಹೋದೆ. ಬಾಗಿಲು ತೆಗೆದದ್ದು ಹುಡುಗನ ದೊಡ್ಡಪ್ಪ, ಅಂದರೆ ಅಜ್ಜಿಯ ಹಿರಿಮಗ. ವಿಷಯ ಹೇಳಿದೆ. ಮುಖ ಗಂಟಿಕ್ಕಿಕೊಂಡರು. "ನಮ್ಮ ತಾತ ಮಿಲಿಟರಿ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದೀವಿ. ನೀವು ಒಂದು ಪದ ಹಿಡ್ಕೊಂಡು ಇಲ್ಲ ಅಂತೀರಲ್ಲ" ಅಂದರು. ಎದ್ದು ಹೋಗಿ ಗೋಡೆಯ ಮೇಲಿದ್ದ ಫೋಟೋ ತಂದು ನನ್ನ ಮುಂದಿಟ್ಟರು.

ಮಾಸಿದ ಕಪ್ಪು ಬಿಳುಪು ಫೋಟೋ. ಕುರ್ಚಿಯ ಬೆನ್ನು ಹಿಡಿದು ನಿಂತ ಒಬ್ಬ ಸಣ್ಣಗಿನ ಗಂಡಸು. ಮೈಮೇಲೆ ಮಿಲಿಟರಿ ಕೋಟು, ಸಾಲಾಗಿ ಲೋಹದ ಗುಂಡಿ. ತಲೆಗೆ ಟೋಪಿ ಇಲ್ಲ, ಕೆಳಗೆ ಪಂಚೆ. ಒಂದು ಕ್ಷಣ ನನಗೂ ಗೊಂದಲವಾಯಿತು. ಆಮೇಲೆ ತೋಳು ನೋಡಿದೆ. ಕೋಟಿನ ತೋಳು ಮಣಿಕಟ್ಟು ದಾಟಿ ಬೆರಳ ಗೆಣ್ಣಿನವರೆಗೂ ಇಳಿದಿತ್ತು. ಭುಜದ ಹೊಲಿಗೆ ಭುಜದ ಮೇಲೆ ಕೂತಿರಲೇ ಇಲ್ಲ, ತೋಳಿನ ಮೇಲೆ ಜಾರಿತ್ತು.

ಒಳಗಿನಿಂದ ಅಜ್ಜಿಯನ್ನು ಕರೆದುಕೊಂಡು ಬಂದರು. ನಾನು ನೇರವಾಗಿ ಕೇಳಿದೆ, "ಅಜ್ಜಿ, ನಿಮ್ಮಪ್ಪ ಪಟಾಲಂನಲ್ಲಿದ್ರಾ?"

"ಅಯ್ಯೋ, ಯಾರಮ್ಮ ಹೇಳಿದ್ದು! ನಮ್ಮಪ್ಪ ಎಲ್ಲಿ ಕೋವಿ ಹಿಡಿಯೋದು? ಕತ್ತರಿ ಹಿಡಿದೋರು."

ಕಮರ್ಷಿಯಲ್ ಸ್ಟ್ರೀಟ್ ಹತ್ತಿರ ಒಂದು ಟೈಲರ್ ಅಂಗಡಿ. ಆಫೀಸರುಗಳ ಕೋಟು, ಪ್ಯಾಂಟು ಹೊಲಿಯುವುದು. ಬಳೇಪೇಟೆಯ ಮನೆಯಿಂದ ಬೆಳಗ್ಗೆ ನಡೆದು ಹೊರಟರೆ ಕಬ್ಬನ್ ಪಾರ್ಕು ಹಾದು ನಾಲ್ಕೈದು ಕಿಲೋಮೀಟರ್. ಅಜ್ಜಿ ತಮ್ಮ ಬಲಗೈ ಹೆಬ್ಬೆರಳ ಬುಡ ಮುಟ್ಟಿ ತೋರಿಸಿದರು. "ಇಲ್ಲಿ ಕಲ್ಲಿನ ಹಾಗೆ ಜಡ್ಡುಗಟ್ಟಿತ್ತು ಅವರಿಗೆ. ನಮ್ಮ ಕೆನ್ನೆ ಸವರಿದ್ರೆ ಚುಚ್ಚೋದು."

ಫೋಟೋ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. ನಕ್ಕರು. "ಇದು ಗಿರಾಕಿ ಕೋಟು ಕಣೇ. ಕೊಡೋಕೆ ಮುಂಚೆ ಹಾಕ್ಕೊಂಡು ಹೋಗಿ ಫೋಟೋ ತೆಗೆಸ್ಕೊಂಡ್ರು. ನಮ್ಮಮ್ಮ ಎರಡು ದಿನ ಮಾತಾಡ್ಲಿಲ್ಲ."

ದೊಡ್ಡಪ್ಪ ಅಜ್ಜಿಯ ಕಡೆ ತಿರುಗಿ, "ಮತ್ತೆ ಇಷ್ಟು ವರ್ಷ ದಂಡಲ್ಲಿದ್ರು ದಂಡಲ್ಲಿದ್ರು ಅಂತಿದ್ಯಲ್ಲಮ್ಮ?" ಅಂದರು. "ದಂಡಲ್ಲೇ ಇದ್ದದ್ದು. ಇನ್ನೇನಂತ ಹೇಳ್ಲಿ?" ಅಂತ ಅಜ್ಜಿ ಕೇಳಿದರು. ಅಜ್ಜಿ ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಅಜ್ಜಿಯ ದಂಡು ಭೂಪಟದಲ್ಲಿತ್ತು. ಮಕ್ಕಳ ದಂಡು ಇತಿಹಾಸದ ಪಾಠದಲ್ಲಿತ್ತು. ಮಕ್ಕಳು ಬೆಳೆಯುವ ಹೊತ್ತಿಗೆ ಆ ಕಡೆಯನ್ನೆಲ್ಲ ಕಂಟೋನ್ಮೆಂಟ್ ಅನ್ನುವುದು ರೂಢಿಯಾಗಿತ್ತು. ಸೌತ್ ಪರೇಡ್ ಹೋಗಿ ಎಂ.ಜಿ. ರೋಡ್ ಬಂದಿತ್ತು. ಕ್ಯಾವಲ್ರಿ ರಸ್ತೆ ಹೋಗಿ ಕಾಮರಾಜ ರಸ್ತೆ ಬಂದಿತ್ತು. ದಂಡು ಅಂದರೆ ಜಾಗ ಅಂತ ಅವರಿಗೆ ಹೇಳಲು ಸ್ಟೇಷನ್ ಹಲಗೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ನೆಂಟರ ದಂಡು

ಇನ್ನು ಮೂರನೆಯ ದಂಡು, ಜನರ ದಂಡು. ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಕನ್ನಡದಲ್ಲಿ ಗುಂಪಿಗೆ ಪದಗಳ ಬರ ಇಲ್ಲ. ಗುಂಪು, ಹಿಂಡು, ಮಂದೆ, ತಂಡ, ಜಂಗುಳಿ. ಜನ ಸೇರಿದ ಸಂಭ್ರಮಕ್ಕೆ ಬೇರೆ ಪದಗಳು. ಜಾತ್ರೆ ಬಂದದ್ದು ಯಾತ್ರೆಯಿಂದ. ಪರಿಷೆ ಬಂದದ್ದು ಪರಿಷತ್ತಿನಿಂದ. ಬಸವನಗುಡಿಯಲ್ಲಿ ಕಡಲೆಕಾಯಿ ಮಾರುವ ಪರಿಷೆಗೂ, ಅಲ್ಲಿಂದ ಹೆಚ್ಚೇನೂ ದೂರವಿಲ್ಲದ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗೂ ತಾಯಿ ಒಬ್ಬಳೇ. ಚುನಾವಣೆಯ ಸಮಯದಲ್ಲಿ ಎರಡಕ್ಕೂ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಬರುವುದಿಲ್ಲ.

ಇಷ್ಟು ಪದಗಳ ನಡುವೆ ದಂಡಿಗೆ ತನ್ನದೇ ಒಂದು ಗುಣ ಇದೆ. ದಂಡು ಯಾವಾಗಲೂ ನಡೆಯುತ್ತಿರುತ್ತದೆ. ದಂಡು ಬಂತು, ದಂಡು ಹರಿದುಬಂತು, ದಂಡೇ ಹೊರಟಿತು. ಗುಂಪು ಬೇಕಾದರೆ ಮರದ ಕೆಳಗೆ ಸುಮ್ನೆ ನಿಂತಿರಬಹುದು. ದಂಡು ನಿಂತಿತ್ತು ಅಂದರೆ ಕಿವಿಗೆ ಏನೋ ಸರಿಹೋಗುವುದಿಲ್ಲ. ಪತ್ರಿಕೆಗಳಲ್ಲಿ ಶನಿವಾರ, ಭಾನುವಾರ ನಂದಿಬೆಟ್ಟಕ್ಕೆ ಪ್ರವಾಸಿಗರ ದಂಡು. ಹೀರೋ ಮನೆ ಮುಂದೆ ಅಭಿಮಾನಿಗಳ ದಂಡು. ದಂಡಿನಲ್ಲಿ ಸೇರಿಕೊಂಡವರಿಗೆ ತಾವು ದಂಡು ಅಂತ ಗೊತ್ತಿರುವುದಿಲ್ಲ. ಅದು ನೋಡುತ್ತ ನಿಂತವರ ಪದ.

ಅದರಲ್ಲಿ ಚೂರು ದಿಗಿಲೂ ಇದೆ. "ನೆಂಟರ ದಂಡೇ ಬಂದಿದೆ" ಅಂತ ಹೇಳುವವರು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾರೆ, ಕೈಯಲ್ಲಿ ಅಕ್ಕಿ ಅಳೆಯುವ ಪಾವು ಇರುತ್ತದೆ. ಹಳೆಯ ಕಾಲದಲ್ಲಿ ದಂಡು ಊರ ಹತ್ತಿರ ಹಾದುಹೋದರೆ ಕಣಜಕ್ಕೂ ಹುಲ್ಲಿನ ಬಣವೆಗೂ ಕುತ್ತು. ಆ ಲೆಕ್ಕಾಚಾರದ ನೆರಳು ಈಗಲೂ ಪದದ ಮೇಲಿದೆ ಅಂತ ನನ್ನ ಊಹೆ.

ಸಂಖ್ಯೆ ಮಾತ್ರ ಕೇಳಬೇಡಿ. ಸೈನ್ಯಕ್ಕೆ ಸಂಬಂಧಪಟ್ಟ ಹಳೆಯ ಪದಗಳಲ್ಲಿ ಅಕ್ಷೋಹಿಣಿಯ ಲೆಕ್ಕ ಬಲು ಪಕ್ಕಾ: 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಒಟ್ಟು 2,18,700. ಒಂದು ಕುದುರೆ ಹೆಚ್ಚಿಲ್ಲ, ಕಡಿಮೆ ಇಲ್ಲ. ದಂಡಿಗೆ ಆ ಶಿಸ್ತಿಲ್ಲ. ಪರಿಷೆಗೆ ಬಂದ ಲಕ್ಷ ಜನವೂ ದಂಡೇ. ಹೇಳದೆ ಕೇಳದೆ ಸೂಟ್‌ಕೇಸ್ ಹಿಡಿದು ಬಂದ ಐದು ಜನ ಬೀಗರೂ ದಂಡೇ.

ಮೊಮ್ಮಗ ಹಾಕಿದ್ದ ಹೋರ್ಡ್ ಪದಕ್ಕೆ ಬರುತ್ತೇನೆ ಅಂದಿದ್ದೆ. ಅದರ ಮೂಲ ತುರ್ಕಿಯವರ ಓರ್ದು. ಅರ್ಥ, ಸೈನ್ಯ ಇಳಿದ ಜಾಗ, ಅರಸನ ಪಾಳೆಯ. ಅದು ಪೋಲೆಂಡಿನವರ ಬಾಯಿಗೆ ಸಿಕ್ಕಾಗ ಮುಂದೆ ಒಂದು ಹಕಾರ ಅಂಟಿಕೊಂಡಿತು. ಹಾಗೆ ಇಂಗ್ಲಿಷಿಗೆ ಹೋಗಿ ನುಗ್ಗಿಬರುವ ಜನ ಎಂಬ ಅರ್ಥ ಪಡೆಯಿತು. ಅದೇ ಓರ್ದು ಈ ಕಡೆ ದೆಹಲಿಯ ಬಾದಶಹರ ಪಾಳೆಯಕ್ಕೆ ಬಂದು ಅಲ್ಲಿ ಆಡುವ ಮಾತಿಗೆ ಹೆಸರಾಯಿತು: ಉರ್ದು. ಅಂದರೆ ಶಿವಾಜಿನಗರದಲ್ಲಿ ಕಿವಿಗೆ ಬೀಳುವ ಭಾಷೆಯ ಹೆಸರಿನ ಅರ್ಥವೂ ಹೆಚ್ಚುಕಡಿಮೆ ದಂಡೇ. ದಂಡಿನ ಬೀದಿಯಲ್ಲಿ ದಂಡು ಎಂಬ ಭಾಷೆ! ಇದನ್ನು ಹುಡುಗನಿಗೆ ಹೇಳಿದಾಗ ಅವನು ಫೋನು ಕೆಳಗಿಟ್ಟ. ಅವನು ಫೋನು ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಚ್ಚಿಗೆ ಹೋದದ್ದು

ಕನ್ನಡದ ಪುಟದಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ಕುಕ್ಕರ್ ಕೂಗಿನಲ್ಲಿ ಕಳೆದುಹೋಗಿದ್ದ ಸಾಲನ್ನು ಸೇರಿಸಿದೆವು, ಅಷ್ಟೇ. ದಂಡಲ್ಲಿ ಎಂಬುದನ್ನು ದಂಡಿನಲ್ಲಿ ಅಂತ ತಿದ್ದೋಣವಾ ಅಂತ ದೊಡ್ಡಪ್ಪ ಕೇಳಿದರು. ಬೇಡ ಅಂದೆ. ಇಂಗ್ಲಿಷ್ ಪುಟದಲ್ಲಿ ಆರ್ಮಿ ಹೋಗಿ ಕಂಟೋನ್ಮೆಂಟ್ ಬಂತು, ಗ್ಯಾಂಗ್ ಹೋಗಿ ಸೈನಿಕರು ಬಂದರು, ಹೋರ್ಡ್ ಇದ್ದಲ್ಲೇ ಉಳಿಯಿತು. ಗಾದೆಯನ್ನು ಇಂಗ್ಲಿಷಿಗೆ ತರುವ ಸಾಹಸ ಬಿಟ್ಟೆವು. ದಾಸಯ್ಯನ ಜಾಗಟೆಗೆ ಅಲ್ಲಿ ಏನೂ ಸಿಗಲಿಲ್ಲ.

ಫೋಟೋದ ಕೆಳಗೆ ಏನು ಬರೆಯುವುದು ಅಂತ ಒಂದು ಸಂಜೆ ಪೂರ್ತಿ ಚರ್ಚೆ ನಡೆಯಿತು. "ಅದೂ ಒಂಥರಾ ಮಿಲಿಟರಿಗೇ ಸೇವೆ ತಾನೇ" ಅಂತ ದೊಡ್ಡಪ್ಪ ಎರಡು ಸಲ ಹೇಳಿ ನೋಡಿದರು. ಕೊನೆಗೆ ಅಜ್ಜಿಯ ಮಾತೇ ಗೆದ್ದಿತು: "ಅಪ್ಪ, ಗಿರಾಕಿ ಕೋಟಿನಲ್ಲಿ."

ಆದರೆ ಮುಖಪುಟ ಆಗಲೇ ಅಚ್ಚಾಗಿಹೋಗಿತ್ತು. ಅದರ ಮೇಲೆ "ಯೋಧನ ಮಗಳು" ಅಂತ ದಪ್ಪಕ್ಷರದಲ್ಲಿತ್ತು. 200 ಹಾಳೆ, ಒಳ್ಳೆಯ ದಪ್ಪ ಕಾಗದ. "ಅಷ್ಟೂ ದಂಡ ಆಯ್ತಲ್ಲ" ಅಂತ ದೊಡ್ಡಪ್ಪ ಪೇಚಾಡಿಕೊಂಡರು. ಆ ದಂಡವೂ ಅದೇ ಕೋಲಿನದು ಅಂತ ನಾನು ಹೇಳಬೇಕೆಂದಿದ್ದೆ, ಅವರ ಮುಖ ನೋಡಿ ಸುಮ್ಮನಾದೆ. ಹಿಂದುಗಡೆ ಖಾಲಿ ಇದ್ದದ್ದರಿಂದ ಅಜ್ಜಿ ಆ ಹಾಳೆಗಳನ್ನು ಕತ್ತರಿಸಿ, ಹೊಲಿದು, ಹಾಲಿನ ಲೆಕ್ಕ ಬರೆಯಲು ಇಟ್ಟುಕೊಂಡರು.